ಬೆಟ್ಟ ಹತ್ತುವವರಿಗೆ ಸ್ಯಾಟಲೈಟ್ ಮೆಸೆಂಜರ್ ಕೊಡಬೇಕೇ?

ಪರ: ಕೊಡಲೇಬೇಕು

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ನಮ್ಮ ಕರ್ನಾಟಕದವರೇ. 9 ಜನ ತೀರಿಕೊಂಡರು. ಸುದ್ದಿ ಕೆಳಗೆ ಮುಟ್ಟಿದ್ದು ಮರುದಿನ. ನಡುವಿನ ಆ ರಾತ್ರಿ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಗಾರ್ಮಿನ್ ಇನ್‌ರೀಚ್ ಮಿನಿ ಅನ್ನುವ ಸ್ಯಾಟಲೈಟ್ ಮೆಸೆಂಜರ್ ಅಂಗೈಯಲ್ಲಿ ಹಿಡಿಸುತ್ತದೆ, ತೂಕ ಸುಮಾರು 100 ಗ್ರಾಂ. ಮೊಬೈಲ್ ಟವರ್ ಬೇಡ, ಇರಿಡಿಯಂ ಉಪಗ್ರಹಗಳ ಮೂಲಕ ಸಂದೇಶ ಹೋಗುತ್ತದೆ. ಇನ್ನೊಂದು ಸಾಧನ ಬೀಕನ್, ಅದು ಉಪಗ್ರಹಕ್ಕೆ ಅಪಾಯದ ಸಂಕೇತ ಮಾತ್ರ ಕಳಿಸುತ್ತದೆ. ಅದನ್ನು ಒತ್ತಿದರೆ ‘ಅಪಾಯ, ಇಲ್ಲಿದ್ದೇವೆ’ ಅನ್ನುವುದಷ್ಟೇ ತಿಳಿಯುತ್ತದೆ. ಒಬ್ಬರ ಕಾಲು ಮುರಿದಿದೆಯೋ, ಹತ್ತು ಜನ ಚಳಿಗೆ ಮರಗಟ್ಟುತ್ತಿದ್ದಾರೋ ಗೊತ್ತಾಗುವುದಿಲ್ಲ. ಮೆಸೆಂಜರ್‌ನಲ್ಲಿ ‘ಎಂಟು ಜನ ಇದ್ದೀವಿ, ಇಬ್ಬರಿಗೆ ನಡೆಯೋಕಾಗ್ತಿಲ್ಲ, ಟೆಂಟ್ ಇಲ್ಲ’ ಅಂತ ಬರೆಯಬಹುದು. ‘ಅಲ್ಲೇ ಇರಿ, ಬರ್ತಿದ್ದೀವಿ’ ಅಂತ ಉತ್ತರವೂ ಬರುತ್ತದೆ. ಆ ಒಂದು ಸಾಲು ಓದಿದವರು ಬೆಳಗಿನ ತನಕ ಜೀವ ಹಿಡಿದುಕೊಂಡಾರು.

ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಈ ಮೆಸೆಂಜರ್ ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ವಿದೇಶಿಯರ ಮೇಲೆ ಕೇಸಾಗಿದೆ. ದಯವಿಟ್ಟು ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸಬೇಡಿ. ಬದಲಾಗಬೇಕಿರುವುದು ನಿಯಮ. ಇಸ್ರೋ ಮೀನುಗಾರರಿಗೆಂದು ಮಾಡಿರುವ ಅಪಾಯದ ಕರೆ ಕಳಿಸುವ ಎರಡನೇ ತಲೆಮಾರಿನ ಸಾಧನದಲ್ಲಿ ‘ನಿಮ್ಮ ಕರೆ ಮುಟ್ಟಿದೆ’ ಅಂತ ದೋಣಿಗೆ ಉತ್ತರ ಹೋಗುತ್ತದೆ. ಕಡಲಿಗೆ ಇಳಿದವರಿಗೆ ಸಿಕ್ಕಿದ್ದು ಬೆಟ್ಟ ಹತ್ತಿದವರಿಗೂ ಸಿಗಬೇಕಲ್ವಾ? ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಸಿಕೊಂಡು ತಂಡಕ್ಕೊಂದು ಕೊಡಲಿ, ವಾಪಸ್ ಬಂದಾಗ ತೆಗೆದುಕೊಳ್ಳಲಿ.

ವಿರೋಧ: ಬೀಕನ್ ಸಾಕು

ಸಹಸ್ರತಾಲ್ ನನ್ನನ್ನೂ ಕಾಡಿದೆ. ಆದರೆ ಉತ್ತರಕಾಶಿ, ಚಮೋಲಿ, ಪಿಥೋರಾಗಢ ಮೂರೂ ಗಡಿ ಜಿಲ್ಲೆಗಳು. 2008ರ ಮುಂಬೈ ದಾಳಿಕೋರರ ಹತ್ತಿರ ಸ್ಯಾಟಲೈಟ್ ಫೋನ್ ಇತ್ತು. ಗಡಿಯಲ್ಲಿ ಯಾರು ಏನು ಬರೆದು ಕಳಿಸುತ್ತಾರೆ ಅನ್ನುವ ಸರ್ಕಾರದ ಭಯ ಸುಳ್ಳಲ್ಲ. ಬೀಕನ್ ಗುಟ್ಟು ಸಾಗಿಸುವುದಿಲ್ಲ. ಅದರಿಂದ ಹೋಗುವುದು ತನ್ನ ಸಂಖ್ಯೆ, ಇರುವ ಜಾಗ, ಅಷ್ಟೇ. 406 ಮೆಗಾಹರ್ಟ್ಸ್‌ನ ಆ ಸಂಕೇತವನ್ನು ಹಿಡಿಯುವ ಕೋಸ್ಪಾಸ್-ಸಾರ್ಸಾಟ್ ಅನ್ನುವ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆ 1982ರಿಂದ ಜೀವ ಉಳಿಸುತ್ತಿದೆ. ಅದರ ಭಾರತದ ನಿಯಂತ್ರಣ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಇಸ್ರೋದಲ್ಲೇ.

ನನಗೆ ಚಿಂತೆ ಜಾಸ್ತಿ ಇರುವುದು ಬ್ಯಾಟರಿಯದು. ಕಳೆದ ಸಲ ಎರಡನೇ ರಾತ್ರಿಗೇ ನನ್ನ ಫೋನು, ಪವರ್ ಬ್ಯಾಂಕ್ ಎರಡೂ ಚಳಿಗೆ ಸತ್ತವು. ಮೆಸೆಂಜರ್‌ಗೂ ಚಾರ್ಜ್ ಬೇಕು, ಚಂದಾ ಕಟ್ಟಬೇಕು. ‘ಊಟ ಆಯ್ತು’ ಅಂತ ದಿನಾ ಮನೆಗೆ ಕಳಿಸಿದರೆ ನಿಜವಾದ ಕಷ್ಟದ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ? ಬೀಕನ್‌ನ ಬ್ಯಾಟರಿ ಸೀಲ್ ಮಾಡಿದ್ದು. ಐದಾರು ವರ್ಷ ಸುಮ್ನೆ ಬ್ಯಾಗಿನಲ್ಲಿ ಬಿದ್ದಿದ್ದರೂ ಚಾರ್ಜ್ ಇರುತ್ತದೆ. ಆಂಟೆನಾ ಎತ್ತಿ ಗುಂಡಿ ಒತ್ತಿ ಹಿಡಿದರೆ ಕನಿಷ್ಠ 24 ಗಂಟೆ ಉಪಗ್ರಹವನ್ನು ಕೂಗುತ್ತದೆ. ಬೆರಳು ಮರಗಟ್ಟಿದ್ದರೂ ಈ ಕೆಲಸ ಆಗುತ್ತದೆ. ಅಕ್ಷರ ಟೈಪ್ ಮಾಡಲು ಆಗುವುದಿಲ್ಲ.

ಬೀಕನ್ನೂ ರೇಡಿಯೋ ಸಾಧನವೇ, ಅದಕ್ಕೂ ಅನುಮತಿ ಬೇಕು. ಕೇಳುವುದಾದರೆ ಇದನ್ನೇ ಕೇಳೋಣ, ಬೇಗ ಸಿಕ್ಕೀತು. ಎಷ್ಟು ಜನ, ಏನಾಗಿದೆ ಅಂತ ಇದು ಹೇಳದು, ಒಪ್ಪುತ್ತೇನೆ. ಆದರೆ ಬೀಕನ್ ನೋಂದಣಿಯಲ್ಲಿ ಮನೆಯವರ ಫೋನ್ ನಂಬರ್ ಇರುತ್ತದೆ. ಸಂಕೇತ ಬಂದಾಗ ವಿಚಾರಿಸುವುದು ಅವರನ್ನೇ. ಯಾವ ದಾರಿ, ಎಷ್ಟು ಜನ, ಯಾರಿಗೆ ಆಸ್ತಮಾ, ಯಾವತ್ತು ವಾಪಸ್ಸು ಅಂತ ಬರೆದ ಒಂದು ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಸಿ ಹೊರಡಿ. ಅಮ್ಮ ಅದನ್ನೇ ಓದಿ ಹೇಳುತ್ತಾರೆ.