ಬೆರಳು ಹೋದಾಗ ‘ನಿನ್ನದೇ ತಪ್ಪು’ ಅಂದರೆ ಮುಗೀತಾ?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಮಾಡುವವರ ಮೊಬೈಲ್‌ಗಳಲ್ಲಿ ಒಂದು ಸಂದೇಶ ಸುತ್ತುತ್ತಲೇ ಇರುತ್ತದೆ: ಗಮನವಿಲ್ಲದೆ ಕೈಗೆ ಪೆಟ್ಟು ಮಾಡಿಕೊಂಡರೆ ಪರಿಹಾರವಿಲ್ಲ, ಗುತ್ತಿಗೆಯವರಿಗಂತೂ ಇಲ್ಲವೇ ಇಲ್ಲ. ಇದು ತಪ್ಪು. ಕಳಿಸುವವರು ಕೆಟ್ಟವರಲ್ಲ, ಸೂಪರ್‌ವೈಸರ್ ಹೇಳಿದ್ದನ್ನು ನಂಬಿರುತ್ತಾರೆ ಅಷ್ಟೆ.

ಲೋಹದ ತಗಡನ್ನು ಒತ್ತಿ ಕತ್ತರಿಸುವ ಪವರ್ ಪ್ರೆಸ್ ಯಂತ್ರದ ಮುಂದೆ ನಿಂತವರಿಗೆ ಗೊತ್ತು. ಶಿಫ್ಟ್ ಮುಗಿಯುವ ಹೊತ್ತಿಗೆ ಕಾಲು ಪೆಡಲ್ ಒತ್ತಿಬಿಡುತ್ತದೆ, ಕೈ ಇನ್ನೂ ಡೈ (ಅಚ್ಚು) ಒಳಗೇ ಇರುತ್ತದೆ. ಅರೆಕ್ಷಣ, ಅಷ್ಟೇ. 1923ರ ಪರಿಹಾರ ಕಾನೂನು ಮಾಲೀಕರ ತಪ್ಪನ್ನು ಸಾಬೀತು ಮಾಡಿ ಎಂದು ಕೇಳಲಿಲ್ಲ. ಕೆಲಸದ ವೇಳೆ, ಕೆಲಸದಿಂದಲೇ ಆದ ಗಾಯ ಎಂದರೆ ಸಾಕು. ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ತತ್ವ. ಕುಡಿದಿದ್ದರೆ, ಬೇಕೆಂದೇ ಯಂತ್ರದ ಗಾರ್ಡ್ (ಸುರಕ್ಷತಾ ಕವಚ) ತೆಗೆದಿದ್ದರೆ ತಕರಾರು ಏಳಬಹುದು. ಬೇಕೆಂದು ಮಾಡುವುದು ಬೇರೆ, ಕೈ ತಪ್ಪುವುದು ಬೇರೆ ಅಲ್ವಾ?

ಹೆಬ್ಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿ ಶೇ. 30ರಷ್ಟು ಹೋಯಿತು ಎಂದು 1923ರ ಕಾನೂನಿನ ಪಟ್ಟಿಯಲ್ಲೇ ಇತ್ತು. ಗುತ್ತಿಗೆದಾರ ಕೈಚೆಲ್ಲಿದರೆ ಅವನಿಗೆ ಕೆಲಸ ಕೊಟ್ಟ ಮುಖ್ಯ ಮಾಲೀಕರನ್ನೇ ಕೇಳಬಹುದು. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇದ್ದರೆ ಚಿಕಿತ್ಸೆಯೂ ಅಂಗವೈಕಲ್ಯದ ಹಣವೂ ಅಲ್ಲಿಂದಲೇ.

ಇಂಥ ಸಂದೇಶ ಬಂದರೆ ಮೊದಲು ನೋಡಿ: ಕಾನೂನಿನ ಹೆಸರು, ವರ್ಷ, ಸೆಕ್ಷನ್ ಇದೆಯಾ? ಇಲ್ಲದಿದ್ದರೆ ಸುಮ್ನೆ ಮುಂದಕ್ಕೆ ಕಳಿಸಬೇಡಿ. ಇದ್ದರೆ ಸರ್ಕಾರದ ‘ಇಂಡಿಯಾ ಕೋಡ್’ ಜಾಲತಾಣದಲ್ಲಿ ಆ ಸೆಕ್ಷನ್ ತೆಗೆದು ಓದಿ, ದುಡ್ಡು ಕೊಡಬೇಕಿಲ್ಲ. ಹತ್ತಿರದ ಕಾರ್ಮಿಕ ಇಲಾಖೆ ಕಚೇರಿಯಲ್ಲೂ ಕೇಳಬಹುದು. ಅಲ್ಲಿಯವರೆಗೆ ಆಸ್ಪತ್ರೆಯ ಚೀಟಿ, ಹಾಜರಾತಿ, ಸಂಬಳದ ದಾಖಲೆ ಜೋಪಾನ. ಖಾಲಿ ಹಾಳೆಗೆ ಸಹಿ ಮಾತ್ರ ಹಾಕಬೇಡಿ.