ಕುದುರೆಯ ಮುಂಭಾರ ಲಗಾಮು ಜಗ್ಗಿದರೆ ಇಳಿಯುವುದಿಲ್ಲ

ಇಂದು ಬೆಳಿಗ್ಗೆ ಬೀದರ್ ಕೋಟೆಯ ಹೊರಗಿನ ಬಯಲಿನಲ್ಲಿ ಕಂಡದ್ದನ್ನು ಬರೆಯದೆ ಮನಸ್ಸು ತಡೆಯುತ್ತಿಲ್ಲ. ಒಳ್ಳೆಯ ಮೈಕಟ್ಟಿನ ಕಂದು ಕುದುರೆ. ಸವಾರಿಗೆ ಕುಳಿತ ಹುಡುಗ ಎರಡೂ ಕೈಯಲ್ಲಿ ಲಗಾಮು ಜಗ್ಗಿ ಅದರ ತಲೆ ಎತ್ತಿಸುತ್ತಿದ್ದ. ಕಡಿವಾಣ ಒತ್ತಿ ತುಟಿಯ ಅಂಚು ಕೆಂಪಾಗಿತ್ತು. ಬೆನ್ನು ಕುಸಿದು, ಹಿಂಗಾಲುಗಳು ಎಲ್ಲೋ ಹಿಂದೆ ಎಳೆದುಕೊಂಡು ಬರುತ್ತಿದ್ದವು. ಪಕ್ಕದಲ್ಲಿದ್ದ ಹಿರಿಯರು, "ಈಗ ನೋಡು, ಮುಂದೆ ಎಷ್ಟು ಹಗುರಾಯಿತು!" ಎಂದರು. ಹಗುರಾದದ್ದು ಏನು ಸ್ವಾಮಿ? ತಲೆ ಮೇಲೇರಿತು, ಭಾರ ಇದ್ದಲ್ಲೇ ಇತ್ತು.

ನನ್ನ ಕುದುರೆ ಹುಚ್ಚು ನಿಮಗೆ ಗೊತ್ತೇ ಇದೆ, ಸ್ವಲ್ಪ ಸಹಿಸಿಕೊಳ್ಳಿ. ಸುಮ್ಮನೆ ನಿಂತ ಕುದುರೆಯ ತೂಕದಲ್ಲಿ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ, ಮುಂಭಾರ ಎಂದರೆ ಅದೇ. ನಮಗಿರುವಂಥ ಕಾಲರ್ ಮೂಳೆ ಅದಕ್ಕಿಲ್ಲ. ಎದೆಗೂಡು ಎರಡು ಹೆಗಲಮೂಳೆಗಳ ನಡುವೆ ಸ್ನಾಯುಗಳ ಬಲದಿಂದಲೇ ತೊಟ್ಟಿಲಿನಂತೆ ತೂಗುತ್ತದೆ. ಹಿಂಗಾಲು ಹೊಟ್ಟೆಯ ಅಡಿಗೆ ಬಂದು, ಕೀಲು ಮಡಿಸಿ ಭಾರ ಹೊತ್ತಾಗ ಮಾತ್ರ ಮುಂಭಾಗ ಏಳುತ್ತದೆ. ಬಾಯಿ ಹಿಡಿದು ಎತ್ತಿದರೆ ಬೆನ್ನು ತಗ್ಗುತ್ತದೆ, ಹಿಂಗಾಲಿಗೆ ಒಳಗೆ ಬರಲು ಜಾಗವೇ ಉಳಿಯುವುದಿಲ್ಲ.

"ಲಗಾಮು ಸಡಿಲಿಸಿದರೆ ಮುಗ್ಗರಿಸುತ್ತದಲ್ಲ?" ಎನ್ನುವವರಿದ್ದಾರೆ. ನೀವು ಹಿಡಿದಷ್ಟೂ ಅದು ಕೈಗೇ ಒರಗುತ್ತದೆ. ಒರಗಲು ಕೈ ಕೊಟ್ಟವರು ನೀವೇ.

ಮುಂಭಾರ ಇಳಿಯಬೇಕೆಂದರೆ ನಡಿಗೆಯಿಂದ ಓಟಕ್ಕೆ, ಓಟದಿಂದ ನಡಿಗೆಗೆ, ನಡಿಗೆಯಿಂದ ನಿಲುಗಡೆಗೆ ಮತ್ತೆ ಮತ್ತೆ ಬದಲಿಸಿ. ಪ್ರತಿ ಸಲವೂ ಮೊದಲು ನೆಟ್ಟಗೆ ಕುಳಿತು ಕಾಲುಗಳನ್ನು ಪಕ್ಕೆಗೆ ಹತ್ತಿಸಿ, ಆಮೇಲೆ ಬೆರಳು ಬಿಗಿಹಿಡಿದು ತಕ್ಷಣ ಬಿಡಿ. ಆ ಬಿಡುವುದರಲ್ಲೇ ಎಲ್ಲವೂ ಇದೆ! ನಿಂತಾಗ ಒಂದೆರಡು ಹೆಜ್ಜೆ ಹಿಂದಕ್ಕೆ ನಡೆಸಿ, ಅಲ್ಲಿಂದಲೇ ಮುಂದೆ ಬಿಡಿ. ಬೇಲಿಯ ಪಕ್ಕ ಸಾಗುವಾಗ ಭುಜವನ್ನು ಚೂರು ಒಳಕ್ಕೆ ತಂದರೆ ಒಳಗಿನ ಹಿಂಗಾಲು ಹೊಟ್ಟೆಯ ಅಡಿಗೆ ಹೆಜ್ಜೆಯಿಡಲೇಬೇಕಾಗುತ್ತದೆ. ಇಳಿಜಾರಿದ್ದರೆ ನಿಧಾನವಾಗಿ ಏರಿಸಿ. ನಡುನಡುವೆ ಕೊರಳು ಚಾಚಿ ನಡೆಯಲು ಬಿಡಿ. ಆಗ ನಮ್ಮ ಕೆಂಪು ಮಣ್ಣಿನಲ್ಲಿ ಮುಂಗೊರಸಿನ ಗುರುತನ್ನು ಹಿಂಗೊರಸು ತುಳಿದು ದಾಟಿದೆಯೇ ನೋಡಿ. ದಾಟಿದ್ದರೆ ಬೆನ್ನು ಬಿಗಿದಿಲ್ಲವೆಂಬುದು ಅಲ್ಲೇ ಕಾಣುತ್ತದೆ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಸ್ನಾಯು ಬೆಳೆಯಬೇಕಲ್ಲ.

15ನೆಯ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹಡಗಿನಲ್ಲಿ ತಂದ ಕುದುರೆಯನ್ನು ಮಾರಿದ್ದು ಇದೇ ಬೀದರಿನಲ್ಲಿ. ಆಳಂದದ ಸಂತೆಗೆ ಸಾವಿರಗಟ್ಟಲೆ ಕುದುರೆಗಳು ಬರುತ್ತಿದ್ದವೆಂದು ಬರೆದಿಟ್ಟವನೂ ಅವನೇ. ಅಂಥ ನೆಲದಲ್ಲಿ ಕುದುರೆಯ ಬಾಯಿ ಹೀಗೆ ಹರಿಯುವುದನ್ನು ಕಂಡರೆ ನನಗೆ ಅಳುವೇ ಬರುತ್ತದೆ.

ಹುಡುಗ ಮಾತ್ರ ಕಿವಿಗೊಟ್ಟು ಕೇಳಿದ, ಬರುವ ವಾರ ಬರುತ್ತೇನೆ ಎಂದ. ಅದಕ್ಕೆ ಮೊದಲು ವೈದ್ಯರಿಗೆ ಕುದುರೆಯ ಹಲ್ಲು, ಹಿಂಗಾಲಿನ ಕೀಲು ತೋರಿಸು, ಲಾಳ ಹೊಡೆಯುವ ನಾಲಬಂದರಿಂದ ಮುಂಗೊರಸಿನ ಉದ್ದ ತುದಿ ಕತ್ತರಿಸಿಸು, ತುಟಿಯ ಗಾಯ ಮಾಯುವವರೆಗೆ ಕಡಿವಾಣ ಹಾಕಬೇಡ ಎಂದು ಹೇಳಿ ಕಳಿಸಿದ್ದೇನೆ.