ಒಲೆ ಇಲ್ವಾ? ಹಂಗಾದ್ರೆ ಅದು ಮನೆ ಅಲ್ಲ ಬಿಡಿ

2023ರ ಜುಲೈನಲ್ಲಿ ಪಿಜಿ ಬಾಡಿಗೆಗೆ 12% ಜಿಎಸ್‌ಟಿ ಅಂತ ನಮ್ಮ ಬೆಂಗಳೂರಿನ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ (ಯಾವುದಕ್ಕೆ ಎಷ್ಟು ತೆರಿಗೆ ಅಂತ ಮುಂಚೆನೇ ತೀರ್ಪು ಹೇಳೋರು) ಹೇಳಿದ್ದು ಎಲ್ರಿಗೂ ಗೊತ್ತು. ವಾಸದ ಮನೆ ಬಾಡಿಗೆಗೆ ಇರೋ ವಿನಾಯಿತಿ ಪಿಜಿಗೆ ಇಲ್ವಂತೆ, ಯಾಕಂದ್ರೆ ಅದು ಮನೆನೇ ಅಲ್ವಂತೆ. ಪಿಜಿ ಯಾಕೆ ಮನೆ ಅಲ್ಲ ಅನ್ನೋಕೆ ಕೊಟ್ಟ ಕಾರಣಗಳಲ್ಲಿ ಒಂದು ಮಾತ್ರ ನಂಗೆ ಇವತ್ತಿಗೂ ಬಲು ಇಷ್ಟ: ಅಲ್ಲಿರೋರಿಗೆ ಸ್ವಂತ ಅಡುಗೆಮನೆ ಇಲ್ಲ, ಬೇಯಿಸ್ಕೊಳ್ಳೋಕೂ ಬಿಡಲ್ಲ. ಓನರ್ ಬಿಡಲ್ಲ, ಅದಕ್ಕೆ ಹುಡುಗ ದಂಡ ಕಟ್ಬೇಕು. ಆಹಾ, ಏನ್ ನ್ಯಾಯ.

ಈ ಒಲೆಶಾಸ್ತ್ರ ನಮ್ದೇ ಸಂಶೋಧನೆ ಅಂತ ಬೀಗೋ ಹಾಗಿಲ್ಲ, ನ್ಯೂಯಾರ್ಕ್‌ನೋರು ಮೊದಲೇ ಕರಗತ ಮಾಡ್ಕೊಂಡಿದ್ರು. ಅಲ್ಲಿ ವಠಾರಗಳಲ್ಲಿ ಗಾಳಿ ಬೆಳಕಿಲ್ದೆ ಬಡವರು ಕೊಳೀತಿದ್ರು ಅಂತ 1901ರಲ್ಲಿ ಕಾನೂನು ತಂದ್ರು, ರಸ್ತೆ ಅಗಲದ ಒಂದೂವರೆ ಪಟ್ಟಿಗಿಂತ ಎತ್ತರ ಕಟ್ಟಂಗಿಲ್ಲ, ಅಂಗಳ ಬಿಡ್ಬೇಕು ಅಂತೆಲ್ಲ. ಆದ್ರೆ ಯಾವುದಕ್ಕೆ ಅನ್ವಯ? ಮೂರು ಇಲ್ಲಾ ಅದಕ್ಕಿಂತ ಹೆಚ್ಚು ಸಂಸಾರ ಬೇರೆಬೇರೆಯಾಗಿ ಇದ್ದು ಅಲ್ಲೇ ಅಡುಗೆ ಮಾಡ್ಕೊಳ್ಳೋ ಕಟ್ಟಡಕ್ಕೆ. ಬಿಲ್ಡರ್‌ಗಳು ಓದಿದ್ರು, ನಕ್ರು, ಪ್ಲಾನಿಂದ ಒಲೆ ಅಳಿಸಿ ಹಾಕಿದ್ರು. ಅಷ್ಟೇ, ಅಪಾರ್ಟ್‌ಮೆಂಟ್ ಹೋಗಿ ಅಪಾರ್ಟ್‌ಮೆಂಟ್ ಹೋಟೆಲ್ ಆಯ್ತು, ಎಷ್ಟು ಎತ್ತರಕ್ಕೆ ಬೇಕಾದ್ರೂ ಏರಿಸ್ಬೋದು. ಊಟ ಕೆಳಗಿನ ಡೈನಿಂಗ್ ಹಾಲಲ್ಲಿ. ಕಟ್ಟಡದ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ನುಂಗೋ ನಮ್ಮ ಮಹಾಶಯರು ಇವರ ಫೋಟೋ ಹಾಕ್ಕೊಂಡು ದಿನಾ ಊದಿನಕಡ್ಡಿ ಹಚ್ಚಬೇಕು.

ಆ ಕಾಲದ ಹೀರೋ ಅಂದ್ರೆ ಬ್ರಾಡ್‌ವೇ 73ನೇ ಬೀದೀಲಿರೋ ಆನ್ಸೋನಿಯಾ ಅನ್ನೋ ಅಪಾರ್ಟ್‌ಮೆಂಟ್ ಹೋಟೆಲ್. 1899ರಲ್ಲಿ ಕಟ್ಟೋಕೆ ಶುರು, 1904ಕ್ಕೆ ಮುಗೀತು, 17 ಮಹಡಿ. ಓನರ್ ವಿಲಿಯಂ ಅರ್ಲ್ ಡಾಡ್ಜ್ ಸ್ಟೋಕ್ಸ್, ಒಳ್ಳೇ ತಲೆಕೆಟ್ಟ ಸಾಹುಕಾರ. ಲಾಬಿ ಕಾರಂಜೀಲಿ ಜೀವಂತ ಸೀಲ್ ಪ್ರಾಣಿಗಳನ್ನ ಬಿಟ್ಟಿದ್ದ. ತಾರಸೀಲಿ ತೋಟದಮನೆ: ಕೋಳಿ, ಬಾತು, ಮೇಕೆ, ಜೊತೆಗೊಂದು ಪುಟ್ಟ ಕರಡಿ. ಕರಡಿ ಯಾಕೆ ಸ್ವಾಮಿ ಅಂತ ಕೇಳ್ಬೇಡಿ, ಹಾಲು ಕೊಡಲ್ಲ, ಮೊಟ್ಟೆ ಇಡಲ್ಲ, ಬಾಡಿಗೆನೂ ಕಟ್ಟಲ್ಲ, ಬಹುಶಃ ಅಸೋಸಿಯೇಷನ್ ಸೆಕ್ರೆಟರಿ ಇರ್ಬೇಕು. ದಿನಾ ತಾಜಾ ಮೊಟ್ಟೆ ಹುಡುಗರ ಕೈಲಿ ಬಾಡಿಗೆದಾರರ ಬಾಗಿಲಿಗೇ ಬರ್ತಿತ್ತು. ಎಷ್ಟೋ ಫ್ಲಾಟಲ್ಲಿ ಅಡುಗೆಮನೆ ಇಲ್ಲ, ಆ ಮೊಟ್ಟೆ ತಗೊಂಡು ದಿಟ್ಟಿಸಿ ನೋಡ್ತಾ ಕೂರೋದಾ? 1907ರಲ್ಲಿ ಆರೋಗ್ಯ ಇಲಾಖೆ ಬಂದು ತೋಟ ಮುಚ್ಚಿಸ್ತು. ಗಾಳಿ ಬೆಳಕಿನ ಕಾನೂನಿಗೇ ಮಣ್ಣು ಹಾಕೋ ಒಲೆಯಿಲ್ಲದ ಕಟ್ಟಡಗಳು ಊರ ತುಂಬಾ ಏಳ್ತಿದ್ದಾಗ ಸಿಕ್ಕಿಬಿದ್ದಿದ್ದು ಕೋಳಿ.

ಆಮೇಲೆ ಆ ಕಟ್ಟಡಕ್ಕೆ ಒಪೆರಾ ಗಾಯಕ ಕರೂಸೋ ಬಂದ, ಬೇಸ್‌ಬಾಲ್ ಆಟಗಾರ ಬೇಬ್ ರೂತ್ ಬಂದ, ಅದೆಲ್ಲ ಬೋರ್ಡ್ ಹಾಕೋಕೆ ಚೆನ್ನಾಗಿರುತ್ತೆ.

ಮಜಾ ಇರೋದು 1920ರ ದಶಕದ ಅಪಾರ್ಟ್‌ಮೆಂಟ್ ಹೋಟೆಲುಗಳಲ್ಲಿ. ರೂಮಲ್ಲಿ ಸಿಂಕ್, ಫ್ರಿಜ್, ಕರೆಂಟ್ ಪ್ಲಗ್ ಎಲ್ಲ ಇರುತ್ತೆ, ಆದ್ರೆ ಅದು ಅಡುಗೆಮನೆ ಅಲ್ವಂತೆ, 'ಪ್ಯಾಂಟ್ರಿ' ಅಂತೆ! ಬಿಲ್ಡರ್‌ಗೂ ಗೊತ್ತು, ಬಾಡಿಗೆಯವನಿಗೂ ಗೊತ್ತು, ಎಲ್ಲರೂ ಹಾಟ್‌ಪ್ಲೇಟ್ ಇಟ್ಕೊಂಡು ಕದ್ದು ಬೇಯಿಸ್ತಿದ್ರು. ಕಡೆಗೆ 1929ರ ಮಲ್ಟಿಪಲ್ ಡ್ವೆಲಿಂಗ್ ಕಾನೂನು ಬಂದು ಎಲ್ಲಾನೂ ಒಂದೇ ಲೆಕ್ಕಕ್ಕೆ ತಂದ್ಮೇಲೆ ಆ ನಾಟಕಕ್ಕೆ ತೆರೆ. ಇಪ್ಪತ್ತೆಂಟು ವರ್ಷ ಬೇಕಾಯ್ತು, ಜನ ವಾಸ ಮಾಡೋ ಜಾಗ ಮನೆ ಅಂತ ಒಪ್ಪೋಕೆ.

ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಅಲ್ಲಿ ಒಲೆ ಇಲ್ಲ ಅಂದಾಗ ಲಾಭ ಓನರಿಗೆ, ಇಲ್ಲಿ ಒಲೆ ಇಲ್ಲ ಅಂದಾಗ ಬರೆ ಮೂರು ಜನರ ರೂಮಲ್ಲಿ ಮಲಗೋ ಹುಡುಗಂಗೆ. ಎರಡೂ ಕಡೆ ಓನರ್ ಕ್ಷೇಮ.

2024ರ ಜೂನಲ್ಲಿ ಜಿಎಸ್‌ಟಿ ಕೌನ್ಸಿಲ್ ದೊಡ್ಡ ಮನಸು ಮಾಡಿ ತಿಂಗಳಿಗೆ 20,000 ರೂಪಾಯಿ ತನಕ ವಿನಾಯಿತಿ ಅಂತು, ಆದ್ರೆ ಒಂದೇ ಸಮ 90 ದಿನ ಇರ್ಬೇಕು. ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ರಾಯಚೂರಿಂದ ಬಂದೋಳು ಏನ್ಮಾಡ್ಬೇಕು? ಕೆಲಸ ಹೋಗಿ 80ನೇ ದಿನ ಬ್ಯಾಗ್ ಕಟ್ಟಿದೋನು? ಅವನು ರೆಸಾರ್ಟಿಗೆ ಮಜಾ ಮಾಡೋಕೆ ಬಂದಿದ್ನಾ? ಸಾಕಾಗಿದೆ ರೀ ನಿಜವಾಗ್ಲೂ. ಮನೆ ಸಿಗ್ದೇ ಇರೋದಕ್ಕೇ ಅವರು ಪಿಜಿಗೆ ಬಂದಿರೋದು.